ಸಾವಿನ ಮನೆಯ ನಾಲ್ಕು ಮೂಟೆ

ನರಿನ್ ಪ್ರಾಂತದಲ್ಲಿ ಸರಕು ಲಾರಿಯವರ ಪರವಾಗಿ ವಾದಿಸುವವರು ಯಾರೆಂದು ಕೇಳಿದರೆ, ಮೂವತ್ತೊಂದು ವರ್ಷಗಳಿಂದ ಜನ ಹೇಳುತ್ತ ಬಂದಿರುವುದು ಶ್ರೀ ಶರ್ಶೆನ್ ಅಬ್ದಿಕೆರಿಮೊವ್ ಅವರ ಹೆಸರನ್ನೇ. ಈ ವಸಂತದಲ್ಲಿ ನಿವೃತ್ತರಾಗುತ್ತಿರುವ ಆ ಹಿರಿಯರ ಗೆಲುವುಗಳನ್ನು ಕುರಿತು ಬರೆಯಬೇಕೆಂದು ಅವರ ಅಭಿನಂದನ ಸಂಪುಟದ ಸಂಪಾದಕ ಮಂಡಳಿ ನನ್ನನ್ನು ಕೇಳಿದೆ. ಹದಿನಾರು ವರ್ಷ ಅವರ ಕಿರಿಯ ಸಹೋದ್ಯೋಗಿಯಾಗಿದ್ದವಳು ನಾನು, ಸುಳ್ಳು ಬರೆಯಲಾರೆ. ಅಧಿಕ ಭಾರದ ದಂಡವನ್ನು ಪ್ರಶ್ನಿಸಿ ನಾವು ಒಮ್ಮೆಯೂ ಗೆದ್ದಿಲ್ಲ.

ನಾನು ಕಚೇರಿ ಸೇರಿದ ಮೊದಲ ಚಳಿಗಾಲ, ನನ್ನ ಬೂಟು ತೂತಾಗಿರುವುದನ್ನು ಕಂಡು, ಪತ್ನಿ ಉರ್ಕಿಯಾ ಅವರಿಂದ ಉಣ್ಣೆಯ ಕಾಲುಚೀಲ ಹೆಣೆಸಿ ಮೇಜಿನ ಮೇಲಿಟ್ಟವರು ಅವರು. ಚಾಲಕರು ಬಂದರೆ ಚಹಾ, ರೊಟ್ಟಿ ಮುಂದಿಟ್ಟ ಮೇಲೆಯೇ ಕಡತ ಬಿಚ್ಚುತ್ತಿದ್ದರು.

ನಾಲ್ಕು ವರ್ಷದ ಹಿಂದೆ ದಂಡ ಬಿಗಿಯಾಯಿತು. ತಿಳಿದೂ ತಿಳಿದೂ ಮಿತಿಮೀರಿ ಹೇರಿದವನ ಲಾರಿಯನ್ನೇ ಜಪ್ತಿ ಮಾಡಬಹುದೆಂದು ಹೊಸ ನಿಯಮ ಬಂತು. ನಾಲ್ಕು ಮೂಟೆಗೂ ಅದೇ, ಹತ್ತು ಟನ್ನಿಗೂ ಅದೇ. ಗಣಿಯಿಂದ ಕಲ್ಲಿದ್ದಲು ತರುವ ನಮ್ಮ ಚಾಲಕರು, ದಾರಿಬದಿಯ ಅಂಗಳದಲ್ಲಿ, ಸಾವಾದ ಮನೆಯವರು ಎಬ್ಬಿಸುವ ಉಣ್ಣೆಗುಡಾರ ಕಂಡರೆ, ಅಲ್ಲಿನ ಒಲೆಗೆಂದು ಇಷ್ಟು ಇಳಿಸಿಯೇ ಮುಂದೆ ಹೋಗುತ್ತಿದ್ದರು. ಅದಕ್ಕೆಂದೇ ನಾಲ್ಕು ಮೂಟೆ ಹೆಚ್ಚು ಹೇರಿಕೊಂಡಿದ್ದ ಚಾಲಕ ತುರ್ದುಬೆಕ್ ಲಾರಿ ತೂಗುವ ವೇಬ್ರಿಡ್ಜಿನಲ್ಲಿ ಸಿಕ್ಕಿಬಿದ್ದರು. ಅವರಿಗಿದ್ದದ್ದು ಅದೊಂದೇ ಲಾರಿ; ಅದೂ ಜಪ್ತಿಯಾಯಿತು.

ಶಿಕ್ಷೆ ತಪ್ಪಿಗೆ ಮೀರಿದ್ದೆಂದು ಶರ್ಶೆನ್ ಅವರು ದಾವೆ ಹೂಡಿದರು. ಭಾರ ಹೆಚ್ಚಿದ್ದು ಗೊತ್ತಿರಲಿಲ್ಲವೆಂದು ತುರ್ದುಬೆಕ್ ಹೇಳಿಬಿಡಲಿ ಎಂದು ನಾನು ಸೂಚಿಸಿದೆ.

"ಬೇಡಮ್ಮ. ನ್ಯಾಯಾಧೀಶರೂ ನಮ್ಮೋರೇ. ಅವರಪ್ಪ ಹೋದಾಗ ಅವರಂಗಳದಲ್ಲೂ ಲಾರಿ ನಿಂತಿತ್ತು. ಇದ್ದದ್ದು ಇದ್ದ ಹಾಗೇ ಹೇಳಲಿ," ಎಂದರು.

"ಗೊತ್ತಿದ್ದೇ ಹೇರಿದೆ ಸ್ವಾಮಿ," ಎಂದರು ತುರ್ದುಬೆಕ್ ಕಟಕಟೆಯಲ್ಲಿ. "ಸತ್ತೋರ ಮನೆ ಮುಂದೆ ಬರಿಗೈಲಿ ಹೋಗೋಕಾಗುತ್ತಾ?"

ನ್ಯಾಯಾಧೀಶರು ಬರೆದುಕೊಂಡದ್ದು ಮೊದಲ ಎರಡು ಪದಗಳನ್ನು ಮಾತ್ರ. ಮೇಲಿನ ಎರಡು ನ್ಯಾಯಾಲಯಗಳೂ ಅವನ್ನೇ ಎತ್ತಿ ಹಿಡಿದು ನಮ್ಮನ್ನು ವಾಪಸು ಕಳುಹಿಸಿದವು.

"ಅವನ ಲಾರಿ ಕಿತ್ಕೊಂಡೋನು ನಾನೇ ಕಣಮ್ಮ," ಎಂದು ಶರ್ಶೆನ್ ಅವರು ನ್ಯಾಯಾಲಯದ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

ಆಮೇಲೆ ಹೆಚ್ಚಿನ ಮೂಟೆ ಹೇರಲು ಚಾಲಕರೆಲ್ಲ ಹೆದರಿದರು. ಹೋದ ಜನವರಿಯಲ್ಲಿ ಉರ್ಕಿಯಾ ಅವರು ತೀರಿಕೊಂಡು ಅಂಗಳದಲ್ಲಿ ಗುಡಾರವೆದ್ದಾಗ, ಶರ್ಶೆನ್ ಅವರು ಯಾರಿಗಾಗಿ ಜೀವ ತೇದರೋ ಅವರ ಲಾರಿಗಳೇ ಎರಡು ದಿನ ಎದುರಿನ ರಸ್ತೆಯಲ್ಲಿ ನಿಲ್ಲದೆ ಹೋದವು. ಕೊಡಲು ಏನೂ ಇಲ್ಲದ ನಾಚಿಕೆಗೆ ಚಾಲಕರು ಇತ್ತ ತಿರುಗಿ ಸಹ ನೋಡಲಿಲ್ಲ. ಮೂರನೆಯ ದಿನ ಮಧ್ಯಾಹ್ನ ತುರ್ದುಬೆಕ್ ಒಂದು ಮೂಟೆ ಹೊತ್ತು ನಡೆದೇ ಬಂದರು.

"ನನ್ನ ಬೆನ್ನಿಗಿನ್ನೂ ಮಿತಿ ಹಾಕಿಲ್ಲ ವಕೀಲರೇ," ಎಂದು ನಗಲು ನೋಡಿದರು. ನಮ್ಮಲ್ಲಿ ಯಾರಿಗೂ ನಗು ಬರಲಿಲ್ಲ.

ಇಂಥ ಲೇಖನದ ಕೊನೆಗೆ ಆಯುರಾರೋಗ್ಯ ಕೋರಬೇಕು. ಮೊನ್ನೆ ಶರ್ಶೆನ್ ಅವರೊಡನೆ ಆ ಮಾತು ತೆಗೆದೆ. "ಜಾಸ್ತಿ ಬೇಡಮ್ಮ. ತುರ್ದುಬೆಕ್ ಲಾರಿ ಬಿಡಿಸೋ ತನಕ ಇದ್ದರೆ ಸಾಕು," ಎಂದು ಹೊಸ ಅರ್ಜಿಯ ಕರಡನ್ನು ಮುಂದಿಟ್ಟರು. ಓದಿ, ಚೆನ್ನಾಗಿದೆ ಎಂದೆ. ಆ ಲಾರಿ ಹರಾಜಾಗಿ, ಗುಜರಿಯಲ್ಲಿ ತುಂಡಾಗಿ ತಿಂಗಳಾಗಿತ್ತು. ಈ ಸಂಪುಟ ಅವರ ಕೈಸೇರುವ ಮೊದಲು ನಾನೇ ಹೋಗಿ ಹೇಳಬೇಕು. ಹೇಳಿದ ಮೇಲೂ ಅವರು ಬಹುಕಾಲ ಬಾಳಲಿ.