ಕಲ್ ಅಂದರೆ ಯಾವ ದಿನ

ನನ್ನ ತಲೆಯಿಂದ ರಕ್ತ ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು. ಒಂದು ಗಾಯ, ಅದಕ್ಕೊಂದು ಬಟ್ಟೆಯ ಪಟ್ಟಿ, ನೋಡಿದವರು ಅಯ್ಯೋ ಪಾಪ ಎನ್ನುವಂಥದ್ದು ಏನಾದರೂ ಇದ್ದಿದ್ದರೆ ಮುಂದಿನ ಅರ್ಧ ಫಜೀತಿ ತಪ್ಪುತ್ತಿತ್ತು. ಕಣ್ಣಿಗೆ ಕಾಣದ ಪೆಟ್ಟನ್ನು ನಂಬುವವರು ಯಾರು?

ಆಗ ನಿಜಾಮರ ಆಳಿಕೆ. ನಾನು ಕಲಬುರಗಿಯ ಒಂದು ಕಚೇರಿಯಲ್ಲಿ ಕಾಗದಗಳ ನಕಲು ಬರೆಯುವ ಗುಮಾಸ್ತನಾಗಿದ್ದೆ. ಒಂದು ಸಂಜೆ ಟಾಂಗಾದ ಹಿಂದಿನ ಸೀಟಿನಲ್ಲಿ ಕೂತು ಮನೆಗೆ ಬರುವಾಗ ಕುದುರೆ ಯಾವುದಕ್ಕೋ ಬೆದರಿ ಮುಂದಕ್ಕೆ ಜಿಗಿಯಿತು. ಟಾಂಗಾ ಮುಂದೆ ಹೋಯಿತು, ನಾನು ಹಿಂದೆ ಉಳಿದೆ. ತಲೆಯ ಹಿಂಭಾಗ ಹಾಸುಗಲ್ಲಿಗೆ ಬಡಿಯಿತಂತೆ. ಅಂತೆ ಎನ್ನುತ್ತೇನೆ, ಯಾಕೆಂದರೆ ನನಗೆ ನೆನಪಿರುವುದು ನನ್ನ ಮುಖದ ಮೇಲೆ ಬಗ್ಗಿದ್ದ ಯಾರದೋ ಕೆಂಪು ರುಮಾಲು ಮತ್ತು "ಏನೂ ಆಗಿಲ್ಲ, ಏಳ್ರೀ" ಎಂಬ ಮಾತು ಮಾತ್ರ. ಆ ಮಾತನ್ನು ಆಮೇಲೆ ನಾಲ್ಕು ತಿಂಗಳು ದಿನಕ್ಕೆ ಹತ್ತು ಸಲ ಕೇಳಿದೆ. ಕೇಳಿದಾಗೆಲ್ಲ ಹೇಳಿದವರ ಕಪಾಳಕ್ಕೆ ಒಂದು ಬಿಡಬೇಕು ಅನಿಸುತ್ತಿತ್ತು.

ಹಕೀಮರು ನನ್ನ ಕಣ್ಣು ಬಿಡಿಸಿ ನೋಡಿ, ನಾಡಿ ಹಿಡಿದು, "ದಿಮಾಗ್ ಹಿಲ್ ಗಯಾ ಹೈ, ಠಿಕಾನೇ ಪೇ ಆನೇಕು ವಖತ್ ಲಗತಾ" ಎಂದರು. ಮಿದುಳು ಅಲುಗಿದೆ, ಜಾಗಕ್ಕೆ ಬರಲು ಸಮಯ ಹಿಡಿಯುತ್ತದೆ ಎಂದು ಅವರ ಅರ್ಥ. ಕತ್ತಲೆಯ ಕೋಣೆಯಲ್ಲಿ ಮಲಗು, ಬಾದಾಮಿ ಎಣ್ಣೆ ತಿಕ್ಕಿಸಿಕೋ, ಬರೆಯಬೇಡ ಎಂದರು. ನಮ್ಮ ಓಣಿಯವರಿಗೆ ಅದರಲ್ಲಿ ಕೇಳಿಸಿದ್ದು ಮೊದಲ ಮೂರು ಶಬ್ದ. ಮಾರನೆಯ ದಿನವೇ ನನಗೆ ತಲೆ ಕೆಟ್ಟಿದೆ ಎಂದು ಸುದ್ದಿಯಾಯಿತು.

ಕೆಟ್ಟಿತ್ತೋ ಇಲ್ಲವೋ, ಈಗಲೂ ನನಗೆ ಸರಿಯಾಗಿ ಗೊತ್ತಿಲ್ಲ. ಬಿಸಿಲು ಕಣ್ಣೊಳಗೆ ಸೂಜಿಯಂತೆ ಚುಚ್ಚುತ್ತಿತ್ತು. ಒಗ್ಗರಣೆಯ ವಾಸನೆಗೆ ಹೊಟ್ಟೆ ತೊಳಸುತ್ತಿತ್ತು. ಅವ್ವ ರೊಟ್ಟಿ ಬಡಿಯುವ ಸಪ್ಪಳ ನನ್ನ ತಲೆಯ ಮೇಲೇ ಬಡಿದಂತಾಗುತ್ತಿತ್ತು. ಕೊಡ ಎನ್ನಲು ಹೋಗಿ ಕೊಡೆ ಎನ್ನುತ್ತಿದ್ದೆ. ಮಾತಿನ ನಡುವೆ ನಿಂತು, ನಾನು ಹೇಳುತ್ತಿದ್ದದ್ದು ಏನು ಎಂದು ಎದುರಿನವರನ್ನೇ ಕೇಳುತ್ತಿದ್ದೆ. ಎಲ್ಲಕ್ಕಿಂತ ಕೆಟ್ಟದ್ದೆಂದರೆ ದಿನಗಳು ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಊಟ ಮಾಡಿದ್ದು ಇಂದೋ, ನಿನ್ನೆಯದು ನೆನಪಾಗುತ್ತಿದೆಯೋ ತಿಳಿಯುತ್ತಿರಲಿಲ್ಲ. ಅದಕ್ಕೆ ಚೀಟಿಗಳಲ್ಲಿ ಬರೆದಿಟ್ಟುಕೊಳ್ಳಲು ಶುರುಮಾಡಿದೆ. ಮನೆಯ ಮಾತು ಕನ್ನಡವಾದರೂ ನಾನು ಕಲಿತದ್ದು ಮದರಸಾ ಎನ್ನುತ್ತಿದ್ದ ಸರ್ಕಾರಿ ಉರ್ದು ಶಾಲೆಯಲ್ಲಿ, ಕೈ ಪಳಗಿದ್ದೂ ಉರ್ದುವಿಗೆ. ಚೀಟಿಗಳನ್ನೂ ಉರ್ದುವಿನಲ್ಲೇ ಬರೆಯುತ್ತಿದ್ದೆ. ಅಲ್ಲೇ ಎಡವಟ್ಟಾಯಿತು.

ನನ್ನ ಹೆಂಡತಿ ನನ್ನ ಸೋದರಮಾವನ ಮಗಳು. ಮಾವನ ಮನೆ ಕಮಲಾಪುರದಲ್ಲಿ, ಅವರದು ಬಾಳೆಯ ತೋಟ. ನಾನು ಬಿದ್ದಾಗ ಅವಳು ಬಸುರಿ. ಅದಾಗಿ ತಿಂಗಳೊಳಗೆ ಕಮಲಾಪುರದಲ್ಲಿ ಕುಬಸದ ಕಾರ್ಯ, ಅಂದರೆ ಸೀಮಂತ, ಆಯಿತು. ಹಸಿರು ಸೀರೆ ಉಟ್ಟು ಅವಳು ಮಣೆಯ ಮೇಲೆ ಕೂತಿದ್ದಳು, ಹೆಂಗಸರು ಹಾಡುತ್ತಿದ್ದರು. ಆ ಹಾಡು, ತಾಟಿನ ಸಪ್ಪಳ, ದೀಪದ ಬೆಳಕು ಎಲ್ಲ ಸೇರಿ ನನ್ನ ತಲೆ ಸಿಡಿಯುವಂತಾಯಿತು. ಎರಡೂ ಕಿವಿ ಮುಚ್ಚಿಕೊಂಡು "ಬಾಯಿ ಮುಚ್ಚರಿ ಎಲ್ಲಾರೂ!" ಎಂದು ಕೂಗಿ ಹೊರಗೆ ಓಡಿಬಿಟ್ಟೆ. ಮುತ್ತೈದೆಯರ ಎದುರು ಅಂಥ ಮಾತು! ಮಾವ ನನ್ನ ಹಿಂದೆಯೇ ಬಂದ.

"ಇಕಿ ಬಾಣಂತನ ಇಲ್ಲೇ ಆಗಲಿ," ಎಂದ. "ನಿನ್ನ ತೆಲಿ ನೆಟ್ಟಗಾಗಾತನಕಾ ನಾ ನನ್ನ ಮಗಳಿಗಿ ಕಲಬುರಗಿಗಿ ಕಳಸಂಗಿಲ್ಲ. ಅಕ್ಕನ ಮಗಾ ಅಂತ ಕೊಟ್ಟೀನಿ, ಹುಚ್ಚಗ ಕೊಟ್ಟಿಲ್ಲ."

ಅವತ್ತಿನಿಂದ ನನಗಿದ್ದ ಚಿಂತೆ ಒಂದೇ. ಮಾವನ ಮುಂದೆ ಇನ್ನೊಂದು ಸಲ ತಪ್ಪಬಾರದು. ತಪ್ಪಿದರೆ ಹೆಂಡತಿ ಮಗು ಇಬ್ಬರೂ ಕಮಲಾಪುರದಲ್ಲೇ ಉಳಿದರು ಎಂದೇ ಲೆಕ್ಕ.

ಹೆಣ್ಣು ಕೂಸು ಹುಟ್ಟಿತು. ಅವ್ವ ಬಾಣಂತನಕ್ಕೆಂದು ಅಲ್ಲಿಗೆ ಹೋದಳು, ಕಲಬುರಗಿಯ ಮನೆಯಲ್ಲಿ ನಾನೊಬ್ಬನೇ. ಅಷ್ಟರಲ್ಲಿ ಮತ್ತೆ ಕೆಲಸಕ್ಕೆ ಹೋಗತೊಡಗಿದ್ದೆ. ಒಂದು ಶುಕ್ರವಾರ, ನಿಜಾಮರ ಕಚೇರಿಗಳಿಗೆ ವಾರದ ರಜೆ. ಕಿಟಕಿ ಮುಚ್ಚಿ ಮಲಗಿದ್ದೆ. ಮಾವನ ಊರಿನಿಂದ ಬಾಳೆಹಣ್ಣಿನ ಬಂಡಿ ತರುವ ಸಾಬರು ಬಾಗಿಲು ತಟ್ಟಿ ಕಮಲಾಪುರದ ಕೆಂಪು ಬಾಳೆಯ ಒಂದು ಚಿಪ್ಪು ಕೊಟ್ಟು, "ಕಲ್ ಝೂಲಾ ಹೈ, ಜರೂರ್ ಬರ್ರಿ ಅಂದಾರ ನಿಮ್ಮ ಮಾವನೋರು" ಎಂದರು. ನಾಳೆ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಕಾರ್ಯ. ಮರೆತರೆ ಸತ್ತೆ ಎಂದುಕೊಂಡು ಆಗಲೇ ಚೀಟಿ ಬರೆದು ಕೋಟಿನ ಕಿಸೆಯಲ್ಲಿ ಇಟ್ಟುಕೊಂಡೆ. ಮೂರೇ ಶಬ್ದ: ಕಲ್, ಕಮಲಾಪುರ, ಝೂಲಾ. ಮತ್ತೆ ಮಲಗಿದೆ.

ಉರ್ದು ಬಲ್ಲವರು ಇಷ್ಟರಲ್ಲಿ ನಗುತ್ತಿರಬಹುದು. ಆ ಭಾಷೆಯಲ್ಲಿ ನಾಳೆಯೂ ಕಲ್, ನಿನ್ನೆಯೂ ಕಲ್. ಹೋಗುತ್ತೇನೆ ಎಂದರೆ ನಾಳೆ, ಹೋಗಿದ್ದೆ ಎಂದರೆ ನಿನ್ನೆ. ನಾನು ಎರಡನ್ನೂ ಬರೆದಿರಲಿಲ್ಲ.

ಶನಿವಾರ ಬೆಳಿಗ್ಗೆ ಕೋಟು ತೊಡುವಾಗ ಚೀಟಿ ಸಿಕ್ಕಿತು. ಕಲ್, ಕಮಲಾಪುರ, ಝೂಲಾ. ನೋಡಿದರೆ ಗೂಡಿನಲ್ಲಿ ಕೆಂಪು ಬಾಳೆ. ಕಮಲಾಪುರಕ್ಕೆ ಹೋಗದೆ ಆ ಬಾಳೆ ಎಲ್ಲಿಂದ ಬಂತು? ಕಣ್ಣು ಮುಚ್ಚಿದರೆ ಹಸಿರು ಸೀರೆ, ಹಾಡು, ದೀಪ ಎಲ್ಲ ನೆನಪಿಗೆ ಬಂದವು, ಅವು ಕುಬಸದ ದಿನದವು ಎಂದು ಹೊಳೆಯಲಿಲ್ಲ. ಬಂಡಿಯ ಸಾಬರು ಬಂದು ಹೋದದ್ದು ಮಾತ್ರ ಪೂರಾ ಅಳಿಸಿಹೋಗಿತ್ತು. ಅಂದರೆ ನಾನು ನಿನ್ನೆ ಹೋಗಿ ಬಂದಿದ್ದೇನೆ! ಎಷ್ಟು ಹಗುರಾಯಿತು ಮನಸ್ಸು. ಮಾವನ ಮುಂದೆ ತಪ್ಪಲಿಲ್ಲ. ದಾರಿಯಲ್ಲಿ ಪೇಢೆ ಕೊಂಡು ಕಚೇರಿಗೆ ಹೋಗಿ ಎಲ್ಲರಿಗೂ ಹಂಚಿದೆ. ನಿನ್ನೆ ಮಗಳನ್ನು ತೊಟ್ಟಿಲಿಗೆ ಹಾಕಿದೆವು ಎಂದೆ.

ನಮ್ಮ ಮೇಲಿನ ಪೇಶಕಾರ ಸಾಹೇಬರು ಪೇಢೆ ಬಾಯಿಗೆ ಹಾಕಿಕೊಂಡು, "ಮುಬಾರಕ್ ಮಿಯಾ! ಬಚ್ಚೀ ಕಾ ನಾಮ್ ಕ್ಯಾ ರಖೇ?" ಎಂದು ಕೇಳಿದರು.

ಹೆಸರೇನು ಇಟ್ಟಿರಿ? ನಾನು ಬಾಯಿ ತೆರೆದೆ. ಏನೂ ಇಲ್ಲ. ತಲೆಯೊಳಗೆ ಎಷ್ಟು ತಡಕಿದರೂ ಒಂದು ಅಕ್ಷರ ಸಿಗಲಿಲ್ಲ. ಹೆತ್ತ ಮಗಳ ಹೆಸರು, ನಿನ್ನೆ ಇಟ್ಟದ್ದು, ಇಂದು ಮರೆತೆ. ಹೆಣ್ಣುಮಕ್ಕಳ ಹೆಸರು ಹೊರಗೆ ಹೇಳುವ ಪದ್ಧತಿ ನಮ್ಮಲ್ಲಿಲ್ಲ ಎಂದು ಹಸಿ ಸುಳ್ಳು ಹೇಳಿ, ತಲೆನೋವೆಂದು ರಜೆ ಕೇಳಿ ಹೊರಗೆ ಬಂದೆ. ಮಾವನಿಗೆ ಗೊತ್ತಾಗುವ ಮೊದಲು ಹೇಗಾದರೂ ಮಾಡಿ ಆ ಹೆಸರು ಪತ್ತೆ ಹಚ್ಚಬೇಕು. ಕಮಲಾಪುರಕ್ಕೆ ಟಾಂಗಾ ಹಿಡಿದೆ. ಈ ಸಲ ಮುಂದಿನ ಸೀಟಿನಲ್ಲಿ, ಎರಡೂ ಕೈಯಿಂದ ಕಂಬಿ ಹಿಡಿದುಕೊಂಡು ಕೂತೆ. ದಾರಿಯುದ್ದಕ್ಕೂ ನನಗೆ ಗೊತ್ತಿದ್ದ ಹೆಣ್ಣು ಹೆಸರುಗಳನ್ನೆಲ್ಲ ಒಂದೊಂದಾಗಿ ಹೇಳಿ ನೋಡಿದೆ. ಯಾವುದೂ ನಮ್ಮದೆನಿಸಲಿಲ್ಲ. ಟಾಂಗಾದವನು ನನ್ನನ್ನು ಎರಡು ಸಲ ತಿರುಗಿ ನೋಡಿದ.

ದೀಪ ಹಚ್ಚುವ ಹೊತ್ತಿಗೆ ಇಳಿದೆ. ಪಡಸಾಲೆಯಲ್ಲಿ ತೊಟ್ಟಿಲು, ಅದಕ್ಕೆ ಕಟ್ಟಿದ ಹೂವು ಇನ್ನೂ ಇತ್ತು. ನಿನ್ನೆಯದು ಬಿಚ್ಚಿಲ್ಲವೇ ಎಂದುಕೊಂಡೆ. ಬಂದ ಜನ ಉಂಡು ಹೋಗಿದ್ದರು, ಮನೆಯವರಷ್ಟೇ ಇದ್ದರು. ಮಾವ ಕಂಬಕ್ಕೆ ಒರಗಿ ಕೂತಿದ್ದವನು ಮುಖ ತಿರುಗಿಸಿದ. ಅವ್ವ ಮಾತ್ರ, "ಮುಂಜಾನಿಂದ ಎಲ್ಲಿ ಹಾಳಾಗಿ ಹೋಗಿದ್ದಿಯೋ?" ಎಂದಳು.

ಮುಂಜಾನೆಯಿಂದ ಯಾಕೆ? ನನಗೆ ಅರ್ಥವಾಗಲಿಲ್ಲ. ನಾನು ತೊಟ್ಟಿಲ ಹತ್ತಿರ ಹೋಗಿ, ಏನೂ ಗೊತ್ತಿಲ್ಲದವನಂತೆ, "ಇಕಿಗಿ ಏನಂತ ಕರೀಲಿಕತ್ತೀರಿ?" ಎಂದೆ.

"ಕೂಸು ಅಂತ," ಎಂದಳು ಅವ್ವ.

"ಅದಲ್ಲವ್ವಾ. ಪೂರಾ ಹೆಸರು?"

ಒಳಗಿನ ಬಾಗಿಲ ಬಳಿ, ತಲೆಗೆ ಬಟ್ಟೆ ಕಟ್ಟಿಕೊಂಡು ಹೆಂಡತಿ ನಿಂತಿದ್ದಳು. "ಹೆಸರು ಎಲ್ಲಿ ಇಟ್ಟೀವಿರೀ?" ಎಂದಳು. "ನೀವು ಬಂದ ಹೊರತು ಇಡಬ್ಯಾಡ್ರಿ ಅಂತ ಹಟಾ ಹಿಡದು ಕುಂತೀನಿ. ಎಲ್ಲಾರ ಬಾಯಾಗ ಬೈಸ್ಕೊಂಡೀನಿ."

ಇಟ್ಟಿಲ್ಲ! ನಾನು ಮರೆತಿಲ್ಲ, ಮರೆಯಲು ಹೆಸರೇ ಇರಲಿಲ್ಲ. ಆ ಖುಷಿಯಲ್ಲಿ ಬಾಯಿ ಜಾರಿತು. "ಹಂಗಾದ್ರ ನಾ ನಿನ್ನಿ ಬಂದಾಗ ಏನು ಮಾಡಿದಿವಿ?"

ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಾವ ನಿಧಾನವಾಗಿ ಎದ್ದು ನಿಂತ. "ನೋಡಿದೇನವಾ?" ಎಂದ ಮಗಳ ಕಡೆ ತಿರುಗಿ. "ನಿನ್ನಿ ಬಂದಿದ್ದನಂತ. ನಾ ಹೇಳಿದ್ದು ಖರೇ ಆತೋ ಇಲ್ಲೋ?"

ನಾನು ಕಿಸೆಯಿಂದ ಚೀಟಿ ತೆಗೆದು ಮಾವನಿಗೆ ಕೊಟ್ಟೆ. ಅವನಿಗೂ ಅಷ್ಟಿಷ್ಟು ಉರ್ದು ಬರುತ್ತಿತ್ತು. ದೀಪಕ್ಕೆ ಹಿಡಿದು ಓದಿದ. "ಇದರಾಗ ಏನು ತಪ್ಪದ? ಕಲ್. ನಾಳಿ."

"ನಿನ್ನಿ ಅಂತನೂ ಹೌದಲ್ಲ, ಮಾವಾ."

ಮಾವ ಮತ್ತೊಮ್ಮೆ ಚೀಟಿ ನೋಡಿದ. "ಹೌದು," ಎಂದ, ಒಲ್ಲದ ಮನಸ್ಸಿನಿಂದ.

"ಒಂದ ಮಾತಿಗಿ ಎರಡು ದಿನಾನ?" ಎಂದಳು ಹೆಂಡತಿ. "ಅದು ಕಲ್ ಅಲ್ರೀ, ಕಲ್ಲು. ಮೊದಲ ಒಂದು ಬಡದಿತ್ತು, ಈಗ ಇನ್ನೊಂದು." ಅವ್ವ ಫಕ್ಕನೆ ನಕ್ಕುಬಿಟ್ಟಳು. ಮಾವ ನಗಲಿಲ್ಲ.

ಆಗಲೇ ಹೆಸರಿಟ್ಟೆವು. ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು. ನನಗೆ ಅಕ್ಕತಂಗಿಯರಿಲ್ಲದ್ದರಿಂದ ಅವ್ವನೇ ಬಗ್ಗಿ ಹೇಳಿದಳು. ಮಠದ ಅಯ್ಯನವರು ಸೂಚಿಸಿದ ಹೆಸರು, ನಮ್ಮ ಎರಡೂ ಮನೆತನದಲ್ಲಿ ಯಾರಿಗೂ ಇಲ್ಲದ್ದು. ಎಲ್ಲ ಮುಗಿದ ಮೇಲೆ ಮಾವ ನನಗೆ ಹೇಳಿದ: "ನಾಳಿ ಮುಂಜಾನಿ ಈ ಹೆಸರು ನೀ ನನಗ ಹೇಳು. ಚೀಟಿ ಬರಕೋಬ್ಯಾಡ. ಹೇಳಿದ್ರ ಐದು ತಿಂಗಳಿಗಿ ಮಗಳಿಗಿ ಕಳಸ್ತೀನಿ. ಇಲ್ಲಂದ್ರ ಇಲ್ಲ."

ಮಲಗುವ ತನಕ ಆ ಹೆಸರನ್ನು ಜಪ ಮಾಡಿದೆ. ಬೆಳಿಗ್ಗೆ ಎದ್ದಾಗ ತಲೆನೋವು ಇತ್ತು, ಬಾಗಿಲ ಸಂದಿಯ ಬಿಸಿಲು ಇತ್ತು, ಹೆಸರು ಇರಲಿಲ್ಲ. ಮೂರು ಅಕ್ಷರದ್ದೋ ನಾಲ್ಕರದ್ದೋ ಅದೂ ಇಲ್ಲ. ಹಾಸಿಗೆಯಲ್ಲೇ ಕೂತು ಅತ್ತೆ. ನಾಚಿಕೆ ಇಲ್ಲದೆ ಹೇಳುತ್ತೇನೆ, ಗಂಡಸಾಗಿಯೂ ಅತ್ತೆ. ಮುಖ ತೊಳೆದು ಪಡಸಾಲೆಗೆ ಬಂದರೆ ಮಾವ ಆಗಲೇ ಕಾಯುತ್ತಾ ಕೂತಿದ್ದ.

"ಹೇಳು," ಎಂದ.

ಅಷ್ಟರಲ್ಲಿ ಒಳಗಿನಿಂದ ಹೆಂಡತಿಯ ದನಿ ಬಂತು. ಕೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ಹಿಂದಿನ ದಿನದವರೆಗೆ ಕೂಸು, ಪುಟ್ಟಿ ಎನ್ನುತ್ತಿದ್ದವಳು ಈಗ ಹೆಸರು ಹಿಡಿದು, ಓಣಿಗೆಲ್ಲ ಕೇಳುವಂತೆ, ಒಂದಾದ ಮೇಲೊಂದು ಸಲ ಕೂಗುತ್ತಿದ್ದಳು. ಕೈ ಚಾಚು, ಕಾಲು ಚಾಚು, ನಗು ಎಂದು ಪ್ರತಿ ಮಾತಿಗೂ ಹೆಸರು. ಬಾಣಂತಿಗೆ ಅಷ್ಟು ದನಿ ಎಲ್ಲಿಂದ ಬಂತೋ!

ನಾನು ಹೆಸರು ಹೇಳಿದೆ. ಹೇಳಿದ ಮೇಲೆ ಮಾವನ ಮುಖ ನೋಡಲಾಗಲಿಲ್ಲ. "ಮಾವಾ, ನನಗ ನೆನಪು ಇದ್ದಿದ್ದಿಲ್ಲ," ಎಂದೆ. "ಅಕಿ ಕರದದ್ದು ಕೇಳಿ ಹೇಳೀನಿ."

"ನನಗೇನು ಕಿವಿ ಇಲ್ಲೇನು?" ಎಂದ ಮಾವ. ಆಮೇಲೆ ಒಳಗೆ ತಿರುಗಿ ಗದರಿದ. "ಏನವಾ, ನಾ ಅವನಿಗಿ ಕೇಳೀನಿ. ನೀ ಯಾಕ ಒದರ್ಲಿಕತ್ತಿ?"

ಅವಳು ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು. "ಅವರು ಮರೀತಾರ, ಯಪ್ಪಾ. ಇನ್ನೂ ಮರೀತಾರ. ಅವರು ಮರತಾಗ ಕರೀಲಿಕ್ಕ ನಾ ಅಲ್ಲೇ ಇರಬೇಕಲ್ಲ? ಕಮಲಾಪುರದಾಗ ಕುಂತು ಕರದ್ರ ಕಲಬುರಗಿಗಿ ಕೇಳತದೇನು?"

ಮಾವ ಚಪ್ಪಲಿ ಮೆಟ್ಟಿ ತೋಟಕ್ಕೆ ಹೋದ. ಐದು ತಿಂಗಳಿಗೆ ಸರಿಯಾಗಿ ತಾನೇ ಬಂಡಿ ಹೊಡೆದುಕೊಂಡು ಬಂದು ಇಬ್ಬರನ್ನೂ ನನ್ನ ಮನೆಯಲ್ಲಿ ಇಳಿಸಿದ.

ಆಮೇಲೆ ನಾನು ಓಣಿಯ ಅಯ್ಯನವರ ಹತ್ತಿರ ಕೂತು ಕನ್ನಡ ಅಕ್ಷರ ತಿದ್ದಿದೆ, ಮೊದಲು ಬರೆದದ್ದು ನಿನ್ನೆ, ನಾಳೆ. ಇದನ್ನು ಕನ್ನಡದಲ್ಲಿ ಬರೆಯಲು ಸಾಧ್ಯವಾದದ್ದೂ ಹಾಗೆ. ತಲೆ ಪೂರಾ ಜಾಗಕ್ಕೆ ಬರಲಿಲ್ಲ. ಎಷ್ಟೋ ವರ್ಷ ಬೆಳಿಗ್ಗೆ ಎದ್ದ ಕೂಡಲೇ ಇದು ಯಾವ ಮನೆ, ಯಾವ ದಿನ ಎಂದು ಒಂದು ಗಳಿಗೆ ಗಾಬರಿಯಾಗುತ್ತಿತ್ತು. ಅಷ್ಟರಲ್ಲಿ ಅಡುಗೆಮನೆಯಿಂದ ಮಗಳ ಹೆಸರು ದೊಡ್ಡ ದನಿಯಲ್ಲಿ ಕೇಳುತ್ತಿತ್ತು. ಪಕ್ಕದಲ್ಲೇ ಕೂತು ಉಣ್ಣುತ್ತಿದ್ದರೂ ಆ ಹುಡುಗಿಯನ್ನು ಅವಳು ಹಾಗೆಯೇ ಕೂಗಿ ಕರೆಯುತ್ತಿದ್ದಳು. ನನ್ನ ಹೆಂಡತಿಗೆ ಬಾಯಿ ದೊಡ್ಡದು ಎಂದು ಓಣಿಯವರೆಲ್ಲ ಆಡಿಕೊಂಡರು. ಅವಳು ಒಂದು ದಿನವೂ ಅವರಿಗೆ ಕಾರಣ ಹೇಳಲಿಲ್ಲ.