ಕೀಬೋರ್ಡಿಗೆ ಹಚ್ಚಿದ ಗಂಧ

ಕಾಲೇಜು ಲ್ಯಾಬಿನ ಹಳೇ ಕಂಪ್ಯೂಟರ್ ಇವತ್ತು ಆಫ್ ಆಗಲಿಲ್ಲ. ಅದರ ಬಿಸಿ ಧೂಳಿನ ವಾಸನೆ ನನ್ನನ್ನು ಯಳಂದೂರಿನ ಮನೆಗೆ ಎಳೆದೊಯ್ದಿತು.

ಆಗ ನಾನು ಶಾಲೆಯ ಹಾಸ್ಟೆಲಿನಿಂದ ದಸರಾ ರಜೆಗೆ ಬಂದಿದ್ದೆ. ನಮ್ಮ ಕಂಪ್ಯೂಟರ್ ಶಟ್‌ಡೌನ್ ಮಾಡಿದರೂ ತಾನೇ ಮತ್ತೆ ಆನ್ ಆಗುತ್ತಿತ್ತು. ಪ್ರತಿಸಲ ಅಪ್ಪ ಪ್ಲಗ್ ಕೀಳುತ್ತಿದ್ದರು.

“ಗೇಮ್ ಆಡಿ ಕೆಡಿಸ್‌ಬುಟ್ಟವ್ಳೆ. ನಾಳೆ ಗುಜ್ರಿಗಾಕ್‌ಬುಡಣ್ಣ,” ಎಂದರು ಚಿಕ್ಕಪ್ಪ.

“ನಾನು ಕೆಡಿಸಿಲ್ಲ. ವೆಯ್ಟ್ ಮಾಡಿ!”

ಮೌಸ್ ಕಿತ್ತು ಶಟ್‌ಡೌನ್ ಮಾಡಿದೆ, ಮತ್ತೆ ಆನ್ ಆಯಿತು. ಕೀಬೋರ್ಡ್ ಕಿತ್ತೆ, ಆಫ್ ಆದದ್ದು ಹಾಗೇ ಉಳಿಯಿತು. ನೋಡಿದರೆ ಆಯುಧಪೂಜೆಯ ಗಂಧ ಒಣಗಿ ಕಂಪ್ಯೂಟರ್ ಆನ್ ಮಾಡುವ ಕೀ ಒತ್ತಿದಂತೆಯೇ ಅಂಟಿಕೊಂಡಿತ್ತು. ಪೂಜೆ ಮಾಡಿದ್ದು ಚಿಕ್ಕಪ್ಪನೇ.

“ಗಂಧ ಇಕ್ಕುದ್ರೆ ತಪ್ಪಾ?”

“ಮಾನಿಟರ್‌ಗೆ ಇಕ್ಕಿ ಚಿಕ್ಕಪ್ಪ. ಕೀಬೋರ್ಡ್ ನಂದು.”

ಅಪ್ಪ ನಕ್ಕುಬಿಟ್ಟರು. ಕಂಪ್ಯೂಟರ್ ಗುಜರಿಗೆ ಹೋಗಲಿಲ್ಲ.

“ಪ್ಲಗ್ ಕಿತ್ತಾಕಮ್ಮ, ಬೇರೇನೂ ಮುಟ್ಬೇಡ,” ಎಂದರು ಇವತ್ತು ಲ್ಯಾಬಿನ ಸರ್.

“ಮುಟ್ತೀನಿ ಸರ್,” ಎಂದು ಕೀಬೋರ್ಡ್ ಎತ್ತಿಕೊಂಡೆ.