ಎಡಗೈಗೆ ತಿರುಗಿಸಿದ ಬ್ಲೇಡು

ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಎಡಚಿ ಎಂದೇ. ತಮಾಷೆ ನೋಡಿ, ಬುದ್ಧಿ ಬಲಿತಾಗಿನಿಂದ ಅವಳು ಎಡಗೈಯಲ್ಲಿ ಒಂದು ನೂಲನ್ನೂ ಕತ್ತರಿಸಿದವಳಲ್ಲ. ಅಭ್ಯಾಸವನ್ನು ಬಿಡಿಸಿದವರು ಹೆಸರನ್ನು ಮಾತ್ರ ಬಿಡಿಸಲು ಮರೆತಿದ್ದರು.

ಬಿಡಿಸಿದವಳು ಅವಳ ಅಕ್ಕ. ಅಮ್ಮ ಬೇರೆಯವರ ಮನೆಗೆ ಬಟ್ಟೆ ಹೊಲಿಯಲು ಹೋದಾಗ ತಂಗಿಗೆ ಕತ್ತರಿ ಹಿಡಿಯುವುದನ್ನು ಕಲಿಸುವ ಹೊಣೆ ಅಕ್ಕನದಾಗಿತ್ತು. ಮನೆಯಲ್ಲಿದ್ದ ಒಂದೇ ಕತ್ತರಿ ಬಲಗೈಯವರದು. ಎಡಗೈಯಲ್ಲಿ ಹಿಡಿದರೆ ಅದು ಬಟ್ಟೆಯನ್ನು ಕತ್ತರಿಸದೆ ಜಗಿಯುತ್ತಿತ್ತು. ಅಕ್ಕ ಹೆಚ್ಚು ಯೋಚಿಸಲು ಹೋಗಲಿಲ್ಲ. ಬಟ್ಟೆಯ ಅಂಚಿನಿಂದ ಉದ್ದಕ್ಕೆ ಒಂದು ಪಟ್ಟಿ ಹರಿದು, ತಂಗಿಯ ಎಡಗೈಯನ್ನು ಸೊಂಟಕ್ಕೆ ಬಿಗಿದು, "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತಾ? ಹಿಡಿ ಬಲಗೈಲಿ" ಎಂದಳು. ಗಿಡ ಬಗ್ಗಿತು.

ಅಮ್ಮ ತೀರಿಕೊಂಡ ಮೇಲೆ ಅಕ್ಕ ತಂಗಿ ಇಬ್ಬರೂ ಲಾಂಡ್ರಿಯೊಂದರ ಹಿಂದಿನ ಕೋಣೆಯಲ್ಲಿ ಕೌದಿ ಹೊಲಿಯಲು ಕೂತರು. ಒಂದೇ ಕಿಟಕಿ, ಗೋಡೆಯಾಚೆಯಿಂದ ದಿನವಿಡೀ ಇಸ್ತ್ರಿಯ ಹಬೆಯ ವಾಸನೆ. ಅಕ್ಕ ಮಷಿನ್ನಿನ ಮುಂದೆ, ಎಡಚಿ ಕತ್ತರಿಸುವ ಮೇಜಿನ ಮುಂದೆ. ಅಕ್ಕನೇ ಯಜಮಾನಿ, ಗಿರಾಕಿಗಳ ಮಾತುಕತೆಯೂ ಅವಳ ಜೊತೆಗೇ. ಆದರೆ ಕೌದಿ ಹುಟ್ಟುತ್ತಿದ್ದುದು ಮೇಜಿನ ಮೇಲೆ. ಯಾವ ಕೆಂಪಿನ ಪಕ್ಕ ಯಾವ ಬೂದು ಕೂರಬೇಕು, ಮಾಸಿದ ಹಳೆಯ ಬಟ್ಟೆಯಲ್ಲಿ ಯಾವ ಹೂವನ್ನು ಉಳಿಸಬೇಕು, ಇದೆಲ್ಲ ಎಡಚಿಯ ತೀರ್ಮಾನ. ಹೊಲಿಗೆ ಅದರ ಹಿಂದೆ ನಡೆದು ಬರುತ್ತಿತ್ತು. ಅಕ್ಕನಿಗೂ ಇದು ಗೊತ್ತಿತ್ತು. ಬಾಯಿ ಬಿಟ್ಟರೆ ಮುತ್ತು ಉದುರೀತೆಂದು ಹೇಳುತ್ತಿರಲಿಲ್ಲ ಅಷ್ಟೇ. ಎಡಚಿಗೆ ಗಂಡ, ಮಕ್ಕಳು ಇರಲಿಲ್ಲ. ಇದ್ದದ್ದು ಆ ಮೇಜು.

ಹೀಗಿರುವಾಗ ಅವಳ ಬಲಗೈ ಹೆಬ್ಬೆರಳಿನ ಬುಡ ಊದಿಕೊಂಡಿತು. ಲೋಟ ಎತ್ತಿದರೂ ಜೀವ ಹೋದಂತಾಗುತ್ತಿತ್ತು. ಕೀಲು ಸವೆದಿದೆ, ಇನ್ನು ಕತ್ತರಿ ಮುಟ್ಟಬೇಡಿ ಎಂದರು ಡಾಕ್ಟರು.

"ಮತ್ತೇನು, ತುಂಡು ಜೋಡಿಸಿ ಕೊಡ್ತಾ ಕೂತ್ಕೋ. ಕತ್ತರಿಸೋದನ್ನ ನನ್ನ ಸೊಸೆ ನೋಡ್ಕೋತಾಳೆ," ಎಂದಳು ಅಕ್ಕ.

"ಅವಳಿಗೇನು ಬರುತ್ತೆ ಅಕ್ಕಾ?"

"ನಿನಗೇನು ಅಮ್ಮನ ಹೊಟ್ಟೇಲೇ ಬಂದಿತ್ತಾ? ನಾನು ಕಲಿಸಿದ್ದು ತಾನೇ!"

ಎಡಚಿ ಒಂದೇ ಒಂದು ಅವಕಾಶ ಕೇಳಿದಳು. ಈಗ ಚಕ್ರದಂಥ ಬ್ಲೇಡಿನ ಕಟರ್ ಸಿಗುತ್ತದಂತೆ, ಅದಕ್ಕೆ ಹೆಬ್ಬೆರಳು ಬೇಡವಂತೆ, ನೋಡಿಕೊಂಡು ಬರುತ್ತೇನೆ ಎಂದಳು. "ನೋಡು. ಆಗದಿದ್ರೆ ಆಮೇಲೆ ಮುಖ ಊದಿಸ್ಕೋಬಾರದು," ಎಂದು ಅಕ್ಕ ಒಪ್ಪಿದಳು.

ಹೊಲಿಗೆ ಸಾಮಾನಿನ ಅಂಗಡಿಯವಳು ಕೊರಳಿಗೆ ಟೇಪು ಇಳಿಬಿಟ್ಟುಕೊಂಡ ಮಾತುಗಾರ್ತಿ. ಕಟರುಗಳನ್ನೆಲ್ಲ ಗಾಜಿನ ಮೇಲೆ ಹರವಿದಳು. ಚಿಕ್ಕ ಬ್ಲೇಡಿನದು ದುಂಡಗೆ ಕತ್ತರಿಸಲು, ದೊಡ್ಡದು ದಪ್ಪ ಬಟ್ಟೆಗೆ, ಕೌದಿಗೆ ನಡುವಿನದೇ ಸಾಕು ಎಂದಳು. ಹಿಡಿ ಒತ್ತಿದರೆ ಮಾತ್ರ ಬ್ಲೇಡು ಹೊರಬರುವಂಥದನ್ನು ಎಡಚಿ ಹಿಡಿದು ನೋಡಿ, ನೋವಿಗೆ ತುಟಿ ಕಚ್ಚಿ ಕೆಳಗಿಟ್ಟಳು. ಅಂಗೈಯಲ್ಲಿ ಸುಮ್ಮನೆ ಕೂರುವಂಥ ಇನ್ನೊಂದು ಹಿಡಿಸಿತು. ಕತ್ತರಿಸುವಾಗ ಬಟ್ಟೆಯ ಕೆಳಗೆ ಹಾಸುವ ಮ್ಯಾಟೂ ಬೇಕಿತ್ತು, ತೆಳ್ಳಗಿನದು ಬೇಡವೆಂದು ಅಂಗಡಿಯವಳೇ ದಪ್ಪನೆಯದನ್ನು ಎಳೆದಳು. "ಇದರ ಮೇಲೆ ಎಷ್ಟು ಗೀರಿದ್ರೂ ಕೂಡ್ಕೊಂಡು ಬಿಡುತ್ತೆ. ಬಿಸಿ ಮಾತ್ರ ತಾಗಿಸಬೇಡಿ, ಡೊಂಕಾದ್ರೆ ಮತ್ತೆ ನೆಟ್ಟಗಾಗಲ್ಲ. ನಿಮ್ಮದು ಯಾವ ಕೈ?"

ಕಾಫಿಗೆ ಸಕ್ಕರೆ ಬೇಕೇ ಎಂದು ಕೇಳುವಷ್ಟು ಹಗುರವಾಗಿ ಕೇಳಿದ್ದಳು. ಎಡಚಿ ತನ್ನ ಎರಡೂ ಕೈಗಳನ್ನು ನೋಡಿಕೊಂಡಳು.

"ಎಡ," ಎಂದಳು ಕೊನೆಗೆ.

ಅಂಗಡಿಯವಳು ಕಟರಿನ ತಿರುಪು ಬಿಚ್ಚಿ, ಬ್ಲೇಡನ್ನು ಆ ಕಡೆಯಿಂದ ತೆಗೆದು ಈ ಕಡೆಗೆ ಕೂರಿಸಿ, ತಿರುಪು ಬಿಗಿದು ಕೈಗಿಟ್ಟಳು.

"ಅಷ್ಟೇನಾ?"

"ಅಷ್ಟೇ. ಇನ್ನೇನಿದೆ ಅದರಲ್ಲಿ?"

ಎಡಚಿಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಒಂದು ತಿರುಪಿನ ಮಾತಿಗೆ ತನ್ನನ್ನು ದನದ ಹಾಗೆ ಕಟ್ಟಿದರಲ್ಲ ಎಂದು ದಾರಿಯುದ್ದಕ್ಕೂ ಕುದಿದಳು.

ಆ ಸಿಟ್ಟೇ ಅವಳನ್ನು ಕೆಡಿಸಿತು. ತಾಳ್ಮೆಯಿದ್ದವಳಾಗಿದ್ದರೆ ಮೊದಲು ಚಿಂದಿಯ ಮೇಲೆ ಕೈ ಪಳಗಿಸಿಕೊಳ್ಳುತ್ತಿದ್ದಳು. ಮೇಜಿನ ಮೇಲೆ ಗಿರಾಕಿಯೊಬ್ಬಳ ನೀಲಿ ಪರದೆಯಿತ್ತು. ಆ ಗಿರಾಕಿಯ ತವರುಮನೆಯನ್ನು ಕೆಡವುವ ಮುಂಚೆ ಕಿಟಕಿಯಿಂದ ಬಿಚ್ಚಿ ತಂದದ್ದು, ಅಂಥದು ಇನ್ನೊಂದು ಸಿಗುವಂತಿರಲಿಲ್ಲ. ಎಡಚಿ ಅದನ್ನೇ ಮಡಚಿ, ಮಡಿಕೆಯ ಮೇಲೆ ಇನ್ನೊಂದು ಮಡಿಕೆ ಹಾಕಿ, ಹೊಸ ಮ್ಯಾಟಿನ ಮೇಲೆ ಹಾಸಿದಳು. ಅಕ್ಕ ಬರುವಷ್ಟರಲ್ಲಿ ಪಟ್ಟಿಗಳೆಲ್ಲ ಸಿದ್ಧವಾಗಿರಬೇಕು, ನೋಡಲಿ ಅವಳು.

ಎಡಗೈಯಲ್ಲಿ ಕಟರ್ ಹಿಡಿದರೆ ಸ್ಕೇಲನ್ನು ಅದುಮಿ ಹಿಡಿಯಬೇಕಾದದ್ದು ಬಲಗೈ. ಸವೆದ ಕೀಲಿನ ಅದೇ ಬಲಗೈ. ಇದನ್ನು ಅವಳು ಯೋಚಿಸಿರಲಿಲ್ಲ. ಸ್ಕೇಲು ಕೂದಲೆಳೆಯಷ್ಟು ಸರಿಯಿತು. ಇನ್ನು ಎಡಗೈಯೋ, ಕಟ್ಟಿಹಾಕಿದ ದಿನ ಎಲ್ಲಿತ್ತೋ ಅಲ್ಲೇ ಇತ್ತು. ಬಟ್ಟೆಯ ಮೇಲೆ ಅದು ಮಗುವಿನ ಹಾಗೆ ತಡವರಿಸುತ್ತಾ ಹೋಯಿತು. ಆದರೂ ಬ್ಲೇಡು ಸರಾಗವಾಗಿ ಉರುಳುತ್ತಿತ್ತು, ಆ ಸುಖದಲ್ಲಿ ಅವಳು ನಿಲ್ಲಿಸಲೂ ಇಲ್ಲ, ಒಂದು ಪಟ್ಟಿಯನ್ನಾದರೂ ಬಿಡಿಸಿ ನೋಡಲೂ ಇಲ್ಲ. ಮಡಚಿದ ಬಟ್ಟೆಗೆ ಸ್ಕೇಲು ಸ್ವಲ್ಪ ಓರೆಯಾದರೆ ಸಾಕು, ಬಿಡಿಸಿದಾಗ ಪ್ರತಿ ಮಡಿಕೆಯಲ್ಲೂ ಪಟ್ಟಿ ಮೊಣಕೈಯಂತೆ ಬಾಗಿರುತ್ತದೆ. ಕೌದಿ ಕಲಿಯಲು ಬರುತ್ತಿದ್ದ ಹೊಸಬರಿಗೆ ಇದನ್ನು ಬೈದು ಹೇಳಿಕೊಡುತ್ತಿದ್ದವಳೇ ಅವಳು.

ಬಿಡಿಸಿದವಳು ಅಕ್ಕ. ಒಂದು ಪಟ್ಟಿ, ಇನ್ನೊಂದು, ಮತ್ತೊಂದು. ಎಲ್ಲಕ್ಕೂ ಮೊಣಕೈ.

"ಏನೇ ಇದು?"

"ಕೈ ಜಾರಿತು ಅಕ್ಕಾ."

"ಯಾವ ಕೈ?"

ಅಂಗಡಿಯವಳು ಕೇಳಿದ್ದೂ ಇದನ್ನೇ. ಎಡಚಿ ಬಾಯಿ ತೆರೆಯುವ ಮುಂಚೆಯೇ ಅಕ್ಕನ ಕಣ್ಣು ಮ್ಯಾಟಿನ ಎಡಗಡೆ ಇಟ್ಟಿದ್ದ ಕಟರಿನ ಮೇಲೆ ಬಿದ್ದಿತ್ತು. "ಈ ವಯಸ್ಸಲ್ಲಿ ನಿನಗೆ ಎಡಗೈ ಬೇಕಾಯ್ತಾ? ಆ ಹೆಂಗಸಿಗೆ ನಾನು ಯಾವ ಮುಖ ತೋರಿಸ್ಲಿ? ಈಗ ಕಟರ್ ಸರಿಯಿಲ್ಲ ಅಂತೀಯಾ, ಸ್ಕೇಲ್ ಸರಿಯಿಲ್ಲ ಅಂತೀಯಾ. ಕುಣಿಯೋಕೆ ಬಾರದೋಳು ನೆಲ ಡೊಂಕು ಅಂದ್ಳಂತೆ!"

"ಕುಣೀತಿದ್ದ ಕಾಲನ್ನ ಕಟ್ಟಿದ್ದು ನೀನು," ಎಂದಳು ಎಡಚಿ. "ಅಂಚಿನ ಪಟ್ಟೀಲಿ. ನನ್ನ ಸೊಂಟಕ್ಕೆ. ಅಮ್ಮ ಬರೋವರೆಗೂ ಬಿಚ್ತಿರಲಿಲ್ಲ."

ಅಕ್ಕ ಹುಬ್ಬು ಗಂಟಿಕ್ಕಿ ನಿಜವಾಗಿಯೂ ನೆನಪಿಸಿಕೊಳ್ಳಲು ನೋಡಿದಳು. "ನಾನಾ? ಯಾವಾಗಲೇ? ಏನೇನೋ ಹೇಳಬೇಡ."

ಸುಳ್ಳು ಹೇಳುತ್ತಿರಲಿಲ್ಲ. ಅವಳಿಗೆ ನೆನಪೇ ಇರಲಿಲ್ಲ. ಸುಳ್ಳಾಗಿದ್ದರೆ ಎಡಚಿ ಜಗಳವಾಡಬಹುದಿತ್ತು. ಮರೆತವರ ಜೊತೆ ಏನೆಂದು ಜಗಳವಾಡುವುದು?

ಸೋಮವಾರ ಅಕ್ಕನ ಸೊಸೆ ಬಂದಳು. ಒಳ್ಳೆಯ ಹುಡುಗಿ, ಅವಳ ಮೇಲೆ ಕೋಪಿಸಿಕೊಳ್ಳಲೂ ಆಗುವುದಿಲ್ಲ. ಕಟರನ್ನು ಕೈಗೆತ್ತಿಕೊಂಡು ಅತ್ತಿತ್ತ ತಿರುಗಿಸಿ ನೋಡಿ ನಕ್ಕಳು. "ಚಿಕ್ಕತ್ತೆ, ಅಂಗಡಿಯವರು ಬ್ಲೇಡು ಉಲ್ಟಾ ಹಾಕಿಕೊಟ್ಟಿದ್ದಾರೆ ನೋಡಿ."

ತಿರುಪು ಬಿಚ್ಚಿದಳು, ಬ್ಲೇಡನ್ನು ಆಚೆ ಕಡೆಗೆ ಕೂರಿಸಿದಳು, ತಿರುಪು ಬಿಗಿದಳು. ಅಂಗಡಿಯವಳಿಗೆ ಹಿಡಿದಷ್ಟೇ ಹೊತ್ತು.

"ಹೌದಮ್ಮಾ, ಉಲ್ಟಾ ಇತ್ತು," ಎಂದಳು ಎಡಚಿ.

ಹುಡುಗಿ ಕತ್ತರಿಸತೊಡಗಿದಳು. ಕೆಂಪಿನ ಪಕ್ಕ ಕೆಂಪನ್ನೇ ಇಡುತ್ತಿದ್ದಳು. ಎಡಚಿ ನೋಡುತ್ತಾ ಕೂತಳು.

"ಎಡಚೀ, ತುಂಡು ಕೊಡೇ," ಎಂದು ಮಷಿನ್ನಿನಿಂದ ಅಕ್ಕ ಕೂಗಿದಳು.

ಅವಳು ಓಗೊಟ್ಟು ಎದ್ದಳು. ತುಂಡುಗಳನ್ನು ಜೋಡಿಸಿಕೊಂಡು ಹೋಗಿ ಬಲಗೈಯಲ್ಲೇ ಕೊಟ್ಟಳು.